ಐದನೇ ಹಾಡಿನ ಏಟು

ಜನವರಿ 9

ಪ್ರೀತಿಯ ಅಕ್ಕ,

ಇಲ್ಲಿ ನಾನು ಆರೋಗ್ಯವಾಗಿದ್ದೇನೆ ಎಂದು ಬರೆದರೆ ಅರ್ಧ ಸತ್ಯ ಬರೆದಂತೆ. ಇನ್ನರ್ಧ ಕೆಳಗಿದೆ. ಫೋನ್ ಯಾಕೆ ಮಾಡಲಿಲ್ಲ ಎಂದು ಸಿಡುಕಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲು ಒಂದು ವಾರವಾದರೂ ಬೇಕು.

ಈಗ ನನ್ನ ಮೇಜಿನ ಮೇಲಿರುವುದು ಒಂಟೆಯ ಬ್ಯಾಂಡಿನ ಮೆಟಲ್ ಸಂಗೀತದ ಆಲ್ಬಮ್. ಒಂಟೆ ನೆನಪಿದ್ದಾನಲ್ಲ, ಉದ್ದನೆಯ ಹಾಡುಗಾರ, ನಮ್ಮ ಮನೆಯ ಬಾಗಿಲಿಗೆ ಹಣೆ ಚಚ್ಚಿಕೊಂಡು ಬಾಗಿಲಿಗೇ ಬೈದವನು. ಅವರ ಡ್ರಮ್ಮರ್ ಹೊಸಬ, ನನಗಿಂತ ಬಹಳ ಚಿಕ್ಕವನು, ಬಾಯಿ ತುಂಬ ಅಣ್ಣಾ ಎಂದು ಕರೆಯುತ್ತಾನೆ. ಅವನಿಗೆ ಸುತ್ತಿಗೆ ಎಂದು ಹೆಸರಿಟ್ಟಿದ್ದಾರೆ. ಅವನು ಬಾರಿಸುವುದನ್ನು ನೋಡಿದರೆ ಯಾಕೆ ಎಂದು ಕೇಳುವುದಿಲ್ಲ ನೀನು.

ನನ್ನ ಕೆಲಸವನ್ನು ಎಷ್ಟು ಸಲ ವಿವರಿಸಿದರೂ 'ಗೊತ್ತು ಬಿಡೋ, ಸೌಂಡ್ ಜಾಸ್ತಿ ಮಾಡೋದು ತಾನೆ' ಅನ್ನುತ್ತೀಯ. ಇನ್ನೊಮ್ಮೆ ಹೇಳುತ್ತೇನೆ, ಕೇಳು. ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿ, ವಾದ್ಯಗಳನ್ನೂ ದನಿಯನ್ನೂ ಹದವಾಗಿ ಬೆರೆಸಿ, ಅಂದರೆ ಮಿಕ್ಸ್ ಮಾಡಿ, ನನ್ನ ಹತ್ತಿರ ತರುತ್ತಾರೆ. ಹೊರಗೆ ಹೋಗುವ ಮೊದಲು ಕೊನೆಯ ಕೈ ನನ್ನದು. ಅದಕ್ಕೆ ಮಾಸ್ಟರಿಂಗ್ ಅನ್ನುತ್ತಾರೆ. ಹಾಡುಗಳು ಒಂದರ ಪಕ್ಕ ಒಂದು ಹೊಂದುವಂತೆ ನೋಡುತ್ತೇನೆ, ತೀರಾ ಮೇಲೆ ಚಿಮ್ಮುವ ಸದ್ದುಗಳನ್ನು ಒತ್ತಿ ಹಿಡಿಯುತ್ತೇನೆ, ಒತ್ತಿದ್ದರಿಂದ ಸಿಕ್ಕ ಜಾಗದಲ್ಲಿ ಇಡೀ ಹಾಡನ್ನು ಮೇಲಕ್ಕೆತ್ತುತ್ತೇನೆ. ಹೂಂ, ಕೊನೆಗೆ ಸೌಂಡ್ ಜಾಸ್ತಿಯಾಗುತ್ತದೆ. ಸಮಾಧಾನವಾಯಿತಾ?

ಈಗ ಒಂದು ವಿಷಯ. ನನ್ನ ಸ್ನೇಹಿತನೊಬ್ಬನಿದ್ದಾನೆ, ಇದೇ ಕೆಲಸದವನು. ಎರಡು ಮೂರು ಹಾಡು ಕೇಳುವಷ್ಟರಲ್ಲಿ ಅವನ ಕಿವಿ ಮುಚ್ಚಿಕೊಂಡಂತಾಗುತ್ತದೆ. ಡ್ರಮ್ಮಿನ ಜೊತೆಯ ತಾಳದ ತಟ್ಟೆಗಳ ಸದ್ದು ಬಟ್ಟೆ ಹರಿದಂತೆ ಕೇಳುತ್ತದೆ. ಮೊದಲು ಹೀಗಿರಲಿಲ್ಲವಂತೆ. ನಲವತ್ತು ತುಂಬುವ ಮೊದಲೇ ಕಿವಿ ಹೋಗುವುದುಂಟಾ? ನಿನ್ನ ಕ್ಲಿನಿಕ್ಕಿಗೆ ಅಂಥವರು ಬರುತ್ತಾರಾ? ಅವನಿಗೆ ತುಂಬ ಭಯವಾಗಿದೆ.

ಚೂಟಿಗೆ ಮುದ್ದು. ಭಾವನಿಗೆ ನಮಸ್ಕಾರ.

ನಿನ್ನ ತಮ್ಮ

*

ಜನವರಿ 17

ಮೊಂಡ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನನ್ನು ಯಾರೂ ಕಳ್ಳ ಎನ್ನುವ ಮೊದಲೇ ನೀನು ಹೆಗಲು ಒರೆಸಿಕೊಂಡು ಕುಳಿತಿದ್ದೀಯ. ಆ ಸ್ನೇಹಿತನಿಗೆ ಎಡಗಿವಿಯ ಹಿಂದೆ ಒಂದು ಗಾಯದ ಗುರುತಿದೆ ಅಲ್ಲವಾ? ಸೈಕಲ್ಲಿನಿಂದ ಬಿದ್ದದ್ದು, ಅಕ್ಕನ ಮಾತು ಕೇಳದೆ?

ತಮಾಷೆ ಸಾಕು. ನಲವತ್ತಕ್ಕೆ ಮೊದಲೂ ಹೋಗಬಹುದು. ಅಪ್ಪನನ್ನು ಮರೆತೆಯಾ? ಮಿಲ್ಲಿನ ಮಗ್ಗಗಳ ನಡುವೆ ನಿಂತು ನಿಂತು ನಾನು ಕಾಲೇಜು ಸೇರುವ ಹೊತ್ತಿಗೆ ಅವರಿಗೆ ನಮ್ಮ ತುಟಿ ನೋಡದೆ ಮಾತು ತಿಳಿಯುತ್ತಿರಲಿಲ್ಲ. ನಾನು ಈ ಕಿವಿ ಪರೀಕ್ಷೆಯ ಕೆಲಸಕ್ಕೆ ಬಂದದ್ದೇ ಅದಕ್ಕೆ. ನೀನು ನೋಡಿದರೆ ಸದ್ದನ್ನೇ ಹುಡುಕಿಕೊಂಡು ಹೋದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದರೆ ಯಾರು ನಂಬುತ್ತಾರೆ?

ಬಂದು ಪರೀಕ್ಷೆ ಮಾಡಿಸಿಕೋ. ನೋವಿಲ್ಲ, ಸೂಜಿಯಿಲ್ಲ. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು, ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಮುದುಕರು ಕೇಳಿಸದಿದ್ದರೂ ಒತ್ತುತ್ತಾರೆ, ಫೇಲಾಗಬಾರದು ಅಂತ. ನೀನು ಹಾಗೆ ಮಾಡಿದರೆ ಒಳಗೆ ಬಂದು ಕಿವಿ ಹಿಂಡುತ್ತೇನೆ.

ಚೂಟಿ ನಿನ್ನ ಆಲ್ಬಮ್‌ಗಳನ್ನೆಲ್ಲ ಕೇಳುತ್ತಾಳೆ. ಕೇಳುತ್ತಾಳೆ ಅಂದರೆ ಹಾಕುತ್ತಾಳೆ. ಕಾಲೇಜಿನಲ್ಲಿ ಎಲ್ಲರಿಗೂ ನಮ್ಮ ಮಾವ ಎಂದು ತೋರಿಸುತ್ತಾಳೆ. ಅದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡ.

ಯಾವತ್ತು ಬರುತ್ತೀಯ, ಅಷ್ಟು ಬರೆ.

ನಿನ್ನ ಅಕ್ಕ

*

ಫೆಬ್ರವರಿ 6

ಪ್ರೀತಿಯ ಅಕ್ಕ,

ಉತ್ತರ ತಡವಾಯಿತು. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಹೌದು, ಆ ಸ್ನೇಹಿತ ನಾನೇ. ಆದರೆ ಬರಲು ಆಗುವುದಿಲ್ಲ. ಯೋಚಿಸಿ ನೋಡು. ನಿನ್ನ ಕೋಣೆಯಲ್ಲಿ ಕುಳಿತು, ಕಿವಿ ಹೋಗಿದೆ ಎಂದು ಬಂದರೆ ಆಮೇಲೆ ನಾನೇನು ಮಾಡಲಿ? ಕಿವಿ ಹೋದ ಮಾಸ್ಟರಿಂಗ್ ಇಂಜಿನಿಯರ್ ಹತ್ತಿರ ಯಾರು ಬರುತ್ತಾರೆ? ನನಗೆ ಬೇರೆ ವಿದ್ಯೆ ಬರುವುದಿಲ್ಲ ಅಕ್ಕ. ಗೊತ್ತಿಲ್ಲದಿದ್ದರೆ ಇನ್ನೂ ಕೆಲವು ದಿನ ಹೀಗೇ ನಡೆಯುತ್ತದೆ.

ಒಂಟೆಗೆ ಆಲ್ಬಮ್ ಜೋರಾಗಿರಬೇಕು. ಒಂದು ಸಲ ಕಳಿಸಿದೆ, ಸಾಲದು ಅಂದ. ಇನ್ನೊಂದಿಷ್ಟು ಒತ್ತಿ, ಇನ್ನೊಂದಿಷ್ಟು ಎತ್ತಿ ಕಳಿಸಿದೆ. ಕಾರಿನಲ್ಲಿ ಎರಡನ್ನೂ ಹಾಕಿ ಕೇಳಿ, "ಈಗ ನೋಡಪ್ಪಾ ಜೀವ ಬಂತು!" ಎಂದ. ಬರದೆ ಏನು ಮಾಡುತ್ತದೆ? ವಾಲ್ಯೂಮ್ ಮುಟ್ಟದೆ ಒಂದರ ಹಿಂದೆ ಒಂದು ಹಾಕಿದರೆ ಯಾವುದು ಒಂದು ಕೂದಲೆಳೆ ಜೋರೋ ಅದೇ ಚೆನ್ನಾಗಿ ಕೇಳುತ್ತದೆ. ನನ್ನ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಇದು. ಹೇಳಬಹುದಿತ್ತು. ಅವರು ಬೇರೆ ಸ್ಟುಡಿಯೋ ಮೆಟ್ಟಿಲು ಹತ್ತಿಬಿಟ್ಟರೆ ಎಂದು ಸುಮ್ಮನಾದೆ.

ನಿನ್ನೆ ಮಧ್ಯಾಹ್ನ ಸುತ್ತಿಗೆ ಒಬ್ಬನೇ ಬಂದಿದ್ದ. ಐದನೇ ಹಾಡಿನಲ್ಲಿ ಒಂದು ಕಡೆ ಎಲ್ಲರೂ ಬಾರಿಸುವುದನ್ನು ನಿಲ್ಲಿಸುತ್ತಾರೆ. ಒಂದು ಗಿಟಾರ್ ಮಾತ್ರ ಪಿಸುಗುಟ್ಟುತ್ತಾ ಉಳಿಯುತ್ತದೆ. ಆಮೇಲೆ ಇವನ ಒಂದೇ ಏಟು, ಅದರ ಮೇಲೆ ಇಡೀ ಬ್ಯಾಂಡ್ ಕುಸಿದು ಬೀಳಬೇಕು. ಇಡೀ ಆಲ್ಬಮ್ ಅವನ ಪಾಲಿಗೆ ಆ ಒಂದು ಏಟು.

ಅಲ್ಲಿ ನಿಲ್ಲಿಸಿ, "ಅಣ್ಣಾ, ನಾನಿಲ್ಲಿ ಹೊಡ್ದಿದ್ದೆ. ಎಲ್ಲಿ ಹೋಯ್ತು ಅದು?" ಎಂದ.

ನಾನು ಕೇಳಿದೆ. ನನಗೂ ಏಟು ಕೇಳಿಸಲಿಲ್ಲ ಅಕ್ಕ. ಏನೋ ಟಪ್ ಎಂದಂತಾಯಿತು ಅಷ್ಟೆ. ಹಾಡಿನಲ್ಲಿ ಅದು ಇಲ್ಲವೋ, ಇದ್ದೂ ನನ್ನ ಕಿವಿಗೆ ಬೀಳಲಿಲ್ಲವೋ? "ಇದೆ ಕಣೋ, ಸರಿಯಾಗಿ ಕೇಳು" ಎಂದೆ. ಅವನು ಮತ್ತೆ ಕೇಳಿದ, ಮತ್ತೆ ನನ್ನ ಮುಖ ನೋಡಿದ. "ನೀನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೊಡೀಬೇಕಿತ್ತೇನೋ" ಎಂದು ಬಾಯಿಗೆ ಬಂದದ್ದು ಹೇಳಿ ಕಳಿಸಿದೆ. ಪಾಪ, ತಲೆಯಾಡಿಸಿ ಹೋದ.

ಕಾಲೇಜಿನ ಮಕ್ಕಳು ಹಾಡುಗಳನ್ನು ಹೇಗೆ ಕೇಳುತ್ತಾರೋ ನನಗೆ ತಿಳಿಯುವುದಿಲ್ಲ. ಚೂಟಿ ಏನನ್ನುತ್ತಾಳೆ ಕೇಳಿ ಬರೆ. ಸುಳ್ಳು ಬೇಡ.

ನಿನ್ನ ತಮ್ಮ

*

ಫೆಬ್ರವರಿ 15

ಮಾವಾ,

ಅಮ್ಮ ನಿನ್ನ ಕಾಗದವನ್ನು ನನ್ನ ಮುಂದೆ ಇಟ್ಟು, "ನೀನೇ ಬರಿ ತಾಯಿ, ನನ್ನ ಕೈಲಾಗಲ್ಲ" ಎಂದು ಎದ್ದುಹೋದಳು. ಅವಳು ಇಷ್ಟು ದಿನ ನನ್ನ ಬಾಯಿ ಮುಚ್ಚಿಸಿದ್ದಳು. ಹೇಳುತ್ತೇನೆ, ಬೇಜಾರು ಮಾಡಿಕೊಂಡರೆ ಅವಳ ಮೇಲೆ ಮಾಡಿಕೋ.

ನಿನ್ನ ಕೈಯಿಂದ ಬಂದ ಈಚಿನ ಎರಡು ಆಲ್ಬಮ್‌ಗಳನ್ನು ನಾನು ಒಂದು ಸಲವೂ ಕೊನೆಯವರೆಗೆ ಕೇಳಿಲ್ಲ. ಹಾಡುಗಳು ಕೆಟ್ಟದಾಗಿಲ್ಲ. ಶುರುವಾದಾಗ ಅಬ್ಬಾ ಅನ್ನಿಸುತ್ತದೆ, ಮೂರನೆಯದಕ್ಕೆ ಬರುವಷ್ಟರಲ್ಲಿ ತಲೆ ಹಿಡಿದುಕೊಳ್ಳುತ್ತದೆ, ನಾಲ್ಕನೆಯದು ಬಂತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಎಲ್ಲಿ ಇಣುಕಿದರೂ ಅದೇ ಗೋಡೆ. ವಾಲ್ಯೂಮ್ ಇಳಿಸಿದರೆ ಸರಿಹೋಗುತ್ತದೆ ಎಂದುಕೊಂಡೆ. ಇಳಿಸಿದರೆ ಸಣ್ಣ ದನಿಯಲ್ಲಿ ಕಿರುಚುತ್ತದೆ, ಅಷ್ಟೇ. ಜೊತೆಗೆ ನನ್ನ ಫೋನಿನ ಆಪ್ ಎಲ್ಲ ಹಾಡುಗಳನ್ನೂ ತಾನೇ ಒಂದು ಮಟ್ಟಕ್ಕೆ ಇಳಿಸುತ್ತದೆ. ಅಷ್ಟು ಕಷ್ಟಪಟ್ಟು ಜೋರು ಮಾಡಿದ್ದು ಯಾರಿಗೋಸ್ಕರ ಮಾವಾ?

ನನಗೆ ಜೋರು ಬೇಡ ಅಂತಲ್ಲ. ಜೋರಿಗಾಗಿಯೇ ಮೆಟಲ್ ಕೇಳುವುದು. ಕಾಲೇಜಿನ ಸಭಾಂಗಣದಲ್ಲಿ ಒಂಟೆಯ ಬ್ಯಾಂಡ್ ಬಾರಿಸಿದಾಗ ನೀನು ಬರೆದಿರುವ ಆ ನಡುವಿನ ಸಣ್ಣ ಗಿಟಾರ್ ಬರುತ್ತದಲ್ಲ, ಅಲ್ಲಿ ನಾವೆಲ್ಲ ಉಸಿರು ಹಿಡಿದು ನಿಂತಿದ್ದೆವು. ಆಮೇಲೆ ಆ ಡ್ರಮ್ಮರ್ ಹೊಡೆದ ನೋಡು, ಹೊಟ್ಟೆಯೊಳಗೆ ಧಸಕ್ ಅಂತು. ಪಕ್ಕದವಳು ನನ್ನ ಕೈ ಉಗುರಿನಿಂದ ಗೀರಿಬಿಟ್ಟಳು. ಅಜ್ಜಿ ಹೇಳುತ್ತಿದ್ದಳಲ್ಲ, ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು ಅಂತ. ನಿನ್ನ ಆಲ್ಬಮ್‌ಗಳಲ್ಲಿ ಎಲ್ಲರೂ ಪಲ್ಲಕ್ಕಿಯಲ್ಲೇ ಇದ್ದಾರೆ.

ಇನ್ನೊಂದು. ಅಮ್ಮ ನಿನ್ನ ವಿಷಯಕ್ಕೆ ಊಟ ಸರಿಯಾಗಿ ಮಾಡುತ್ತಿಲ್ಲ. ತಾತನ ಹಳೆಯ ಫೋಟೋ ತೆಗೆದು ನೋಡುತ್ತಿದ್ದಳು. ಬಂದು ಹೋಗು.

ನಿನ್ನ ಸೊಸೆ,
ಚೂಟಿ

*

ಮಾರ್ಚ್ 3

ಮೊಂಡ,

ಚೂಟಿಯ ಕಾಗದಕ್ಕಾದರೂ ಕೊನೆಗೂ ಬಂದೆಯಲ್ಲ ಎಂದುಕೊಂಡಿದ್ದೆ. ಪರೀಕ್ಷೆ ಮುಗಿದ ಮೇಲೆ, ರಿಪೋರ್ಟ್ ತರುತ್ತೇನೆ ಕೂತಿರು ಎಂದು ಹೇಳಿ ಹೋದೆ. ಬಂದು ನೋಡಿದರೆ ಕುರ್ಚಿಯ ಮೇಲೆ ಹೆಡ್‌ಫೋನ್ ಮಾತ್ರ ಇದೆ. ಹೊರಗೆ ಕುಳಿತಿದ್ದ ಅಜ್ಜ, "ನಿಮ್ಮ ತಮ್ಮ ಓಡಿಹೋದ್ರಮ್ಮ, ಚಪ್ಪಲೀನೂ ಸರಿಯಾಗಿ ಹಾಕ್ಕೊಳ್ಲಿಲ್ಲ" ಎಂದರು. ನಲವತ್ತರ ಹೊಸ್ತಿಲಲ್ಲಿರುವ ಗಂಡಸು! ಬಸ್ ಸ್ಟಾಪಿನವರೆಗೆ ಬಂದೆ. ಬಸ್ಸು ಹೊರಟಿತ್ತು. ಕೂಗಿದೆ. ಕಿಟಕಿಯಲ್ಲಿ ನಿನ್ನ ತಲೆ ಕಾಣುತ್ತಿತ್ತು, ನೀನು ತಿರುಗಲಿಲ್ಲ. ಕೂಗಿದ್ದು ಕೇಳಿಸಲೇ ಇಲ್ಲವೇ ಎಂದುಕೊಂಡೆ. ತಮ್ಮನ ಪರೀಕ್ಷೆ ಅಕ್ಕ ಮಾಡಬಾರದೆಂದು ಜೊತೆಯವಳಿಗೆ ಬಿಟ್ಟಿದ್ದೆ, ರಿಪೋರ್ಟನ್ನು ಇನ್ನೂ ನಾನೂ ನೋಡಿರಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಓಡಿದ್ದೆ.

ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ನೋಡಿದೆ. ಎರಡು ಸಲ ನೋಡಿದೆ. ನನ್ನ ಕಣ್ಣನ್ನು ನಂಬದೆ ಹಿಂದಕ್ಕೆ ಹೋಗಿ ನಮ್ಮ ಡಾಕ್ಟರಿಗೆ, ಯಾರದು ಎಂದು ಹೇಳದೆ ತೋರಿಸಿದೆ.

ನಿನ್ನ ಕಿವಿ ಚೆನ್ನಾಗಿದೆ ಕಣೋ. ಎರಡೂ. ಸಣ್ಣ ಸದ್ದು, ಮೇಲಿನ ಸದ್ದು, ಎಲ್ಲವೂ ಕೇಳಿಸಿದೆ. "ಈ ವಯಸ್ಸಿಗೆ ಇಷ್ಟು ಒಳ್ಳೆ ಕಿವಿ ನೋಡಿ ಬಹಳ ದಿನವಾಯ್ತು" ಎಂದರು ಡಾಕ್ಟರ್. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಯಾಕೆ ನಾಚಿಕೆ ಪಡಲಿ?

ಮುಚ್ಚಿಕೊಂಡಂತೆ ಆಗುವುದು ದಣಿವು. ಬಿಡುವೇ ಇಲ್ಲದೆ ಒಂದೇ ಸಮ ಸದ್ದು ಬಿದ್ದರೆ ಯಾವ ಕಿವಿಯಾದರೂ ದಣಿಯುತ್ತದೆ. ಈಗ ಎಚ್ಚರ ತಪ್ಪಿದರೆ ಮುಂದೆ ಅಪ್ಪನ ದಾರಿಯೇ, ಅದು ಬೇರೆ ಮಾತು. ಇವತ್ತಿಗೆ ಏನೂ ಆಗಿಲ್ಲ. ಹೊಟ್ಟೆ ತುಂಬ ಊಟ ಮಾಡಿ ಮಲಗು. ನಾನೂ ಅದನ್ನೇ ಮಾಡುತ್ತೇನೆ.

ನಿನ್ನ ಅಕ್ಕ

*

ಮಾರ್ಚ್ 11

ಅಕ್ಕ,

ನಿನ್ನ ಕಾಗದವನ್ನು ಸ್ಟುಡಿಯೋದ ಮೆಟ್ಟಿಲ ಮೇಲೆ ನಿಂತು ಓದಿದೆ. ಕುಣಿದಾಡಬೇಕಿತ್ತು. ಅಲ್ಲೇ ಕುಳಿತುಬಿಟ್ಟೆ.

ಕಿವಿ ಹೋಗಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆನೇನೋ. ಹೀಗೆ ಬರೆಯಲು ಹೆದರಿಕೆಯಾಗುತ್ತದೆ. ಅಪ್ಪ ಇದ್ದಿದ್ದರೆ ಕಪಾಳಕ್ಕೆ ಬಿಡುತ್ತಿದ್ದರು. ಆದರೆ ನೋಡು, ಕಿವಿ ಸರಿಯಿದ್ದರೆ ನನಗೆ ಅವತ್ತು ಕೇಳಿಸಿದ್ದೂ ಸರಿ. ಏಟು ಇರಲಿಲ್ಲ.

ಒಳಗೆ ಹೋಗಿ, ಅವರು ನನಗೆ ತಂದುಕೊಟ್ಟಿದ್ದ ಮಿಕ್ಸ್ ತೆಗೆದೆ. ನನ್ನ ಜೋರಾದ ಮಾಸ್ಟರನ್ನು ಅದರ ಮಟ್ಟಕ್ಕೆ ಇಳಿಸಿ, ಎರಡನ್ನೂ ಸಮ ಮಾಡಿಕೊಂಡು ಕೇಳಿದೆ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಅದು. ಮಿಕ್ಸ್‌ನಲ್ಲಿ ಏಟು ಇದೆ. ಎದೆಗೆ ಬಂದು ಬೀಳುತ್ತದೆ, ಕುರ್ಚಿಯಲ್ಲಿ ಹಿಂದಕ್ಕೆ ಸರಿದೆ. ನನ್ನದರಲ್ಲಿ ಪಿಸುಗುಟ್ಟುವ ಗಿಟಾರನ್ನೇ ಅಷ್ಟು ಮೇಲಕ್ಕೆ ತಂದು ಕೂರಿಸಿದ್ದೇನೆ, ಏಟಿನ ತಲೆಯನ್ನು ಒತ್ತಿ ಚಪ್ಪಟೆ ಮಾಡಿದ್ದೇನೆ. ಬೀಳಲು ಎತ್ತರವೇ ಉಳಿದಿಲ್ಲ. ಚೂಟಿ ಗೋಡೆ ಅಂದಳಲ್ಲ, ಆ ಗೋಡೆ ಕಟ್ಟಿದವನು ಒಳ್ಳೆಯ ಕಿವಿಯವನು.

ಇಷ್ಟೇ ಆಗಿದ್ದರೆ ತಿದ್ದಬಹುದಿತ್ತು. ಮೊನ್ನೆ ಅವರ ಅಭ್ಯಾಸದ ಕೋಣೆಗೆ ಹೋಗಿದ್ದೆ. ಸುತ್ತಿಗೆಯ ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿದೆ. ಊದಿಕೊಂಡಿದೆ. "ಏನೋ ಇದು?" ಎಂದೆ. "ಏನಿಲ್ಲ ಅಣ್ಣಾ, ಗಟ್ಟಿಯಾಗಿ ಹೊಡೀಬೇಕು ಅಂದ್ರಲ್ಲ, ಅದಕ್ಕೆ ದಿನಾ ಕೂತ್ಕೋತಿದೀನಿ. ಈ ಸಲ ಬಿಡಿ, ಮುಂದಿನ ಆಲ್ಬಮ್‌ನಲ್ಲಿ ಕೇಳ್ಸುತ್ತೆ ನೋಡಿ" ಎಂದು ನಕ್ಕ. ಒಂಟೆ ಪಕ್ಕದಲ್ಲೇ ಇದ್ದ. "ಇವನಿಗೆ ಕೈಯಲ್ಲಿ ದಮ್ಮಿಲ್ಲ ಅಂತ ಈಗ ಇವನೇ ಒಪ್ಕೊಂಡಿದಾನೆ" ಎಂದು ಅವನೂ ನಕ್ಕ. ನಾನೂ ನಕ್ಕೆ ಅಕ್ಕ. ನಕ್ಕು ಎದ್ದು ಬಂದೆ.

ಆಲ್ಬಮ್ ತಿಂಗಳ ಕೊನೆಗೆ ಹೊರಗೆ ಹೋಗುತ್ತದೆ. ಯಾರಿಗೂ ಹೇಳದೆ ಸದ್ದು ಸ್ವಲ್ಪ ಇಳಿಸಿ ಕಳಿಸಿಬಿಡಲೇ? ಅವರಿಗೆ ಗೊತ್ತಾಗುವುದಿಲ್ಲ. ಮಣಿಕಟ್ಟಿನ ಊತ ತಾನೇ ಇಳಿಯುತ್ತದೆ. ಏನನ್ನುತ್ತೀಯ?

ತಮ್ಮ

*

ಮಾರ್ಚ್ 16

ಮೊಂಡ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಇನ್ನೂ ಒಂದು ಹೆಜ್ಜೆ ಮುಂದೆ, ನೆಲ ಡೊಂಕು ಮಾಡಿದವನು ನೀನು, ಬಿದ್ದವನಿಗೆ ಕುಣಿಯಲು ಬಾರದು ಅಂದೆ. ಆ ಹುಡುಗ ತನ್ನ ಕೈಯನ್ನೇ ಅನುಮಾನಿಸುತ್ತಿದ್ದಾನೆ. ನೀನು ಕದ್ದು ಸದ್ದು ಇಳಿಸಿದರೆ ಅನುಮಾನ ಇಳಿಯುತ್ತದಾ?

ಅವನನ್ನು ಕರೆದು ಹೇಳು. ಎಲ್ಲರ ಮುಂದೆ ಹೇಳು. ನಕ್ಕದ್ದೂ ಎಲ್ಲರ ಮುಂದೆ ತಾನೆ?

ನಿನ್ನ ಕೆಲಸ ಹೋಗುತ್ತದೆ ಎಂದು ನನಗೂ ಭಯವಿದೆ. ಸುಳ್ಳು ಬರೆಯುವುದಿಲ್ಲ. ಆದರೂ ಹೇಳು.

ಅಕ್ಕ

*

ಮಾರ್ಚ್ 29

ಪ್ರೀತಿಯ ಅಕ್ಕ,

ಹೇಳಿದೆ.

ಬ್ಯಾಂಡಿನ ನಾಲ್ವರನ್ನೂ ಸ್ಟುಡಿಯೋಕ್ಕೆ ಕರೆಸಿದೆ. ಕಂಪ್ಯೂಟರಿನ ಪರದೆ ಆರಿಸಿ, ಎಲ್ಲರನ್ನೂ ನನಗೆ ಬೆನ್ನು ಮಾಡಿ ಕೂರಿಸಿದೆ. ಐದನೇ ಹಾಡಿನ ಎರಡು ಮಾಸ್ಟರ್ ಇಟ್ಟುಕೊಂಡಿದ್ದೆ. ಒಂದು ಒಂಟೆ ಮೆಚ್ಚಿದ್ದು, ಇನ್ನೊಂದು ಏನನ್ನೂ ಹೆಚ್ಚು ಒತ್ತದೆ ಹೊಸದಾಗಿ ಮಾಡಿದ್ದು. ಎರಡನ್ನೂ ಸಮ ಮಟ್ಟಕ್ಕೆ ತಂದು, ಯಾವುದು ಯಾವುದೆಂದು ಹೇಳದೆ ಹಾಕಿದೆ.

ಎರಡನೆಯದು ಮುಗಿಯುವ ಮೊದಲೇ ಒಂಟೆ ಎದ್ದುನಿಂತ. "ಇದೇ! ನಾನು ಜೋರು ಜೋರು ಅಂತ ಬಡ್ಕೊಂಡಿದ್ದು ಇದಕ್ಕೇ ಕಣೋ. ಮೊದಲನೇದು ಯಾರೋ ದಿಂಬು ಅದುಮಿದ ಹಾಗಿತ್ತು" ಎಂದ. ಉಳಿದವರೂ ಹೂಂ ಅಂದರು. ಏಟಿನ ಜಾಗ ಬಂದಾಗ ಸುತ್ತಿಗೆಯ ಬೆನ್ನು ನೆಟ್ಟಗಾದದ್ದನ್ನು ಹಿಂದಿನಿಂದ ನೋಡಿದ್ದೆ.

ದಿಂಬು ಅದುಮಿದ್ದೇ ಅವರು ಒಪ್ಪಿದ್ದ ಮಾಸ್ಟರ್ ಎಂದೆ. ಒಂಟೆ ಮೊದಲು ನಂಬಲಿಲ್ಲ, ಕಂಪ್ಯೂಟರ್ ಹಾಕಿಸಿ ನೋಡಿದ. ಆಮೇಲೆ ಕೇಳಿದ, "ಹಾಗಾದ್ರೆ ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

ನೀವು ಬಿಟ್ಟುಹೋಗುತ್ತೀರಿ ಎಂಬ ಭಯ ಎಂದೆ. ಕಿವಿ ಹೋಗಿದೆ ಎಂದು ಹೆದರಿದ್ದು, ನಿನ್ನ ಹತ್ತಿರ ಬಂದದ್ದು, ರಿಪೋರ್ಟ್, ಎಲ್ಲ ಹೇಳಿದೆ. ಸುತ್ತಿಗೆಯ ಕಡೆ ತಿರುಗಿ, ಏಟು ಗಟ್ಟಿಯಾಗಿಯೇ ಇತ್ತು, ಅದನ್ನು ಕೊಂದದ್ದು ನಾನು, ನಿನ್ನ ಕೈಯಲ್ಲಿ ಏನೂ ಕೊರತೆಯಿಲ್ಲ ಎಂದೆ. 

ಅವನು ಮಣಿಕಟ್ಟಿನ ಪಟ್ಟಿಯನ್ನು ನೋಡುತ್ತಾ ಕುಳಿತಿದ್ದ. "ಕಿವಿ ಹೋಗಿದ್ದಿದ್ರೆ ಪಾಪ ಅಂತಿದ್ದೆ ಅಣ್ಣಾ. ಏಟು ಹೋಗಿದ್ದು ಕೇಳ್ಸಿತ್ತು ನಿಮಗೆ" ಎಂದ. ಹೌದು ಎಂದೆ.

ಹೊರಗೆ ವರಾಂಡದಲ್ಲಿ ನಿಂತು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಂಟೆ ಒಳಗೆ ಬಂದು ಹೇಳಿದ. ಸದ್ದು ಇಳಿಸಿದ ರೀತಿಯೇ ಬೇಕು, ಅದರಲ್ಲಿ ತನ್ನದೇನೂ ತಕರಾರಿಲ್ಲ. ಆದರೆ ಬಿಡುಗಡೆ ಮುಂದಕ್ಕೆ ಹಾಕಿ ಬೇರೆ ಕಡೆ ಮಾಡಿಸುತ್ತಾರೆ. "ನನಗೇನೂ ಇಲ್ಲಪ್ಪ, ನಾವು ಹಳಬರು. ಸುತ್ತಿಗೆ ಒಪ್ತಿಲ್ಲ" ಎಂದ. ಅವರ ಹಾರ್ಡ್‌ಡಿಸ್ಕ್ ಕೊಟ್ಟೆ. ಹೊರಗೆ ಹೋಗುವಾಗ ಸ್ಟುಡಿಯೋ ಬಾಗಿಲಿಗೆ ಹಣೆ ತಗಲದಂತೆ ತಲೆ ಬಗ್ಗಿಸಿದ.

ಕೆಲಸ ಹೋದದ್ದನ್ನು ತಡೆದುಕೊಳ್ಳುತ್ತೇನೆ. ಈ ವಿಷಯ ಬೇರೆ ಬ್ಯಾಂಡುಗಳಿಗೂ ತಲುಪುತ್ತದೆ. ತಲುಪಲಿ. ಚೂಟಿಗೆ ಹೇಳು, ಆಲ್ಬಮ್ ಚೆನ್ನಾಗಿ ಬರುತ್ತದೆ, ಅದರ ಮೇಲೆ ನನ್ನ ಹೆಸರು ಹುಡುಕಬೇಡ ಎಂದು.

ಅವರು ಇಳಿದು ಹೋಗುವಾಗ ನಾನು ಬಾಗಿಲ ಒಳಗೆ ನಿಂತಿದ್ದೆ. ಎರಡು ಮಹಡಿ ಕೆಳಗೆ, ಬೀದಿಯ ಬಾಗಿಲ ಹತ್ತಿರ, ರಸ್ತೆಯಲ್ಲಿ ಗಾಡಿಗಳು ಓಡುತ್ತಿರುವಾಗ, ನನಗೆ ಕೇಳಬಾರದೆಂದು ಸುತ್ತಿಗೆ ಸಣ್ಣ ದನಿಯಲ್ಲಿ ಒಂಟೆಗೆ ಹೇಳಿದ, "ನನ್ನ ಕೈಗಿಂತ ಅಣ್ಣನ ಮಾತು ನಂಬಿದ್ನಲ್ಲೋ ನಾನು."

ಒಂದಕ್ಷರವೂ ಬಿಡದೆ ಕೇಳಿಸಿತು ಅಕ್ಕ.

ನಿನ್ನ ತಮ್ಮ